ಪಟ್ಟಲಮ್ಮ ಊರಿಗೆ ಹೋಗಿ ಬಂದದ್ದು

ಮಂಚಮ್ಮನಿಗೆ ಆ ಕೆಲಸ ಸಿಕ್ಕಿದ್ದು ಅವಳ ಕೈಯಡುಗೆಯಿಂದ. ಮಳವಳ್ಳಿ ಸೀಮೆಯ ಒಂದು ಶಾಲೆಯಲ್ಲಿ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದ್ದಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಮಳವಳ್ಳಿ ಪೇಟೆಗೇ ಕೊಟ್ಟಿದ್ದಳು. ಮಂಡ್ಯದ ಒಂದು ಸಂಸ್ಥೆಯವರು ಮದ್ದೂರಿನ ಶಿವಪುರದ ಕಡೆ ಮನೆ ಬಾಡಿಗೆಗೆ ಹಿಡಿದಿದ್ದಾರೆ, ಮಾನಸಿಕ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು ಗುಣವಾದ, ಆದರೆ ಮನೆಯವರು ಕರೆದುಕೊಂಡು ಹೋಗದ ಹೆಂಗಸರನ್ನು ಅಲ್ಲಿಗೆ ತಂದು ಇರಿಸುತ್ತಾರಂತೆ, ಜೊತೆಗಿರಲು ಒಬ್ಬರು ಬೇಕಂತೆ ಎಂದು ಸುದ್ದಿ ತಂದವಳು ಆ ಮಗಳೇ.

ಸಂಸ್ಥೆಯ ಸಿಂಧು ಇನ್ನೂ ಮೂವತ್ತು ದಾಟದ ಹುಡುಗಿ. ಮಂಡ್ಯದಿಂದ ಸ್ಕೂಟರಿನಲ್ಲಿ ಬಂದು, ಖಾಲಿ ಮನೆಯ ಜಗಲಿಯ ಮೇಲೆ ಮಂಚಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾತಾಡಿದಳು.

"ಅವರ ಜೊತೆ ಇರೋದಕ್ಕೆ ಹೆದರಿಕೆ ಆಗುತ್ತಾ?"

"ಎದ್ರಿಕೆ ಯಾಕವ್ವ, ಅವ್ರೂ ಮನುಸ್ರೇ ಅಲ್ವಾ."

ಬಾಯಲ್ಲಿ ಹಾಗೆ ಅಂದಳಾದರೂ ಮಂಚಮ್ಮನಿಗೆ ಒಳಗೊಳಗೇ ಅಳುಕಿತ್ತು.

ಸಿಂಧು ಹೆಚ್ಚು ನಿಯಮ ಹೇಳಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ನೆನಪಿಸಬೇಕು. ಅಡುಗೆ ಅವರೊಂದಿಗೆ ಮಾಡಬೇಕು, ಅವರಿಗಾಗಿ ಅಲ್ಲ. ಹೊರಗೆ ಹೋಗುತ್ತೇನೆ ಅಂದರೆ, ಯಾವ ಮನೆಯಲ್ಲಾದರೂ ಕೇಳುವ ಹಾಗೆ "ಎಷ್ಟೊತ್ತಿಗೆ ಬತ್ತೀರಿ" ಎಂದಷ್ಟೇ ಕೇಳಬೇಕು. "ಇನ್ನೊಂದು. ಅವರು ಒಳಗಿದ್ದಾಗ ಹೊರಗಡೆಯಿಂದ ಬೀಗ ಹಾಕಬಾರದು. ಐದು ನಿಮಿಷಕ್ಕೂ ಹಾಕಬಾರದು."

ಆಷಾಢದ ಕೊನೆಯ ವಾರ ಇಬ್ಬರು ಬಂದರು. ಅರವತ್ತರ ಆಸುಪಾಸಿನ ಆಂಡಾಳ್ ಮಂಡ್ಯ ಪೇಟೆಯ ಅಯ್ಯಂಗಾರರ ಮನೆಯವರು, ಹನ್ನೆರಡು ವರ್ಷ ಆಸ್ಪತ್ರೆಯಲ್ಲಿದ್ದವರು. ವ್ಯಾನಿನಿಂದ ಇಳಿದವರೇ ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ವಿಚಾರಿಸಿದರು. ಪಟ್ಟಲಮ್ಮ ಐವತ್ತೆರಡರ ಗಟ್ಟಿ ಮೈಯ ಹೆಂಗಸು. ಊರು ಶಿವನಸಮುದ್ರದ ಹತ್ತಿರದ ಒಂದು ಹಳ್ಳಿ. ಮೂವತ್ತನೇ ವಯಸ್ಸಿಗೆ ಆಸ್ಪತ್ರೆ ಸೇರಿದವಳು. ಏಳೆಂಟು ವರ್ಷಕ್ಕೆ ಕಾಯಿಲೆ ಹದಕ್ಕೆ ಬಂದಿದ್ದರೂ ತಮ್ಮ ನಿಂಗಯ್ಯ ಮನೆಗೆ ಕರೆದುಕೊಳ್ಳಲಿಲ್ಲ. ಕಾಗದಕ್ಕೆ ರುಜು ಹಾಕಿ ಹೋದವನು ತಿರುಗಿ ಬಂದಿರಲಿಲ್ಲ. ಅವಳ ಸಾಮಾನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿತ್ತು.

ಮೊದಲ ದಿನಗಳಲ್ಲಿ ಮಂಚಮ್ಮನನ್ನು ಹೆಚ್ಚು ಹೆದರಿಸಿದ್ದು ಪಟ್ಟಲಮ್ಮನ ವಿಧೇಯತೆ. ಬೆಳಗ್ಗೆ ಐದಕ್ಕೆ ಎದ್ದು, ಯಾರಾದರೂ ಹೇಳುವ ತನಕ ಮಂಚದ ಮೇಲೆ ಕೂತೇ ಇರುತ್ತಿದ್ದಳು. ಬಚ್ಚಲಿಗೆ ಹೋಗಲೂ ಕೇಳುತ್ತಿದ್ದಳು. ಸಂಜೆ ಕತ್ತಲಾದರೂ ಲೈಟು ಹಾಕುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಸ್ವಿಚ್ಚು ಮುಟ್ಟಿರಲಿಲ್ಲ ಎಂದು ಆಂಡಾಳಮ್ಮ ಹೇಳಿದಾಗ ಮಂಚಮ್ಮ ಅವಳ ಕೈ ಹಿಡಿದು ಒತ್ತಿಸಿದಳು. ಅವತ್ತು ಪಟ್ಟಲಮ್ಮ ಆ ಸ್ವಿಚ್ಚನ್ನು ಹತ್ತು ಸಾರಿ ಹಾಕಿ ತೆಗೆದಳು. "ಸಾಕು ಬುಡಕ್ಕ, ಬಲ್ಬು ಓಯ್ತದೆ" ಎಂದ ಮೇಲೆಯೇ ನಿಲ್ಲಿಸಿದ್ದು. "ಏನ್ ಸಾರ್ ಮಾಡಾನ?" ಎಂದು ದಿನವೂ ಕೇಳಿದರೆ ನೆಲ ನೋಡುತ್ತಿದ್ದವಳು ಐದನೆಯ ದಿನ ಬಾಯಿ ಬಿಟ್ಟಳು. "ಬಸ್ಸಾರು."

ಆಧಾರ್ ಮಾಡಿಸುವ ದಿನ ಬೆರಳಿನ ಗೆರೆಗಳು ಯಂತ್ರಕ್ಕೆ ಸಿಗದೆ ಮೂರು ಸಲ ಅಲೆದಾಟವಾಯಿತು. ಕಾರ್ಡು ಕೈಗೆ ಬಂದಾಗ ಸಿಂಧು, "ಇದು ಇದ್ದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ, ಹೆಂಗಸರಿಗೆ ಫ್ರೀ" ಅಂದಳು.

"ಎಲ್ಲಿಗ್ ಓದ್ರೂನಾ?" ಎಂದಳು ಪಟ್ಟಲಮ್ಮ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಫೋಟೋ ಇದ್ದ ಗೂಡಿನಲ್ಲಿಟ್ಟಳು.

ಮನೆಯ ಮಾಲೀಕ ಅಂಕಯ್ಯ ಪಕ್ಕದಲ್ಲೇ ಇದ್ದ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕೆಟ್ಟವನಲ್ಲ, ಆದರೆ ಬೆಳಗ್ಗೆ ಪೇಪರು ಹಿಡಿದು ಜಗಲಿಗೆ ಬಂದರೆ ಮಂಚಮ್ಮನ ಎದೆಗೆ ಒಂದು ಕಲ್ಲು ಹಾಕಿಯೇ ಒಳಗೆ ಹೋಗುತ್ತಿದ್ದ.

"ಅತ್ಲಾಗೆ ರೈಲ್ ಕಂಬಿ, ಇತ್ಲಾಗೆ ಸಿಂಸಾ ಒಳೆ. ಏನಾರ ಎಚ್ಚುಕಮ್ಮಿ ಆದ್ರೆ ಸಂಸ್ಥೆಯೋರು ಮಂಡ್ಯದಲ್ಲಿರ್ತಾರೆ ಕಣವ್ವ, ಇಲ್ಲಿ ಸಿಗಾಕಳೋಳು ನೀನು."

ಆ ಮಾತು ಮಂಚಮ್ಮನ ತಲೆಯಲ್ಲಿ ಕೂತುಬಿಟ್ಟಿತು. ರೈಲು ಕೂಗಿದಾಗಲೆಲ್ಲ ಎರಡು ತಲೆ ಎಣಿಸುತ್ತಿದ್ದಳು. ಒಂದು ಮಧ್ಯಾಹ್ನ ಪಟ್ಟಲಮ್ಮ ಹೇಳದೆ ರಸ್ತೆಯ ತಿರುವಿನವರೆಗೆ ಹೋಗಿ, ಎಳನೀರು ತುಂಬಿದ ಲಾರಿಗಳು ಮಾರುಕಟ್ಟೆಯ ಕಡೆ ಹೋಗುವುದನ್ನು ಅರ್ಧ ಗಂಟೆ ನಿಂತು ನೋಡಿದ್ದಳು. ಅಷ್ಟರಲ್ಲಿ ಮಂಚಮ್ಮನಿಗೆ ಮೈಯೆಲ್ಲ ಬೆವರು ಕಿತ್ತು ಬಂದಿತ್ತು.

ಮಾರನೆಯ ದಿನ ಹಾಲು ತರಲು ಹೋಗುವಾಗ ಅವಳು ಹೊರ ಚಿಲಕಕ್ಕೆ ಬೀಗ ಹಾಕಿದಳು. ಹತ್ತು ನಿಮಿಷ. ಯಾರಿಗೂ ಗೊತ್ತಾಗಲಿಲ್ಲ. ತಿರುಗಿ ಬಂದು ಸದ್ದಿಲ್ಲದೆ ತೆಗೆದಾಗ ಎಷ್ಟೋ ದಿನದ ಮೇಲೆ ಅವಳಿಗೆ ಸಮಾಧಾನವಾಗಿ ಉಸಿರಾಡುವಂತಾಯಿತು. ಅಲ್ಲಿಂದ ಅದೇ ಅಭ್ಯಾಸವಾಯಿತು. ಸೊಪ್ಪಿಗೆ ಹೋದಾಗ, ಗಿರಣಿಗೆ ಹೋದಾಗ, ಆಂಡಾಳಮ್ಮ ಮಲಗಿರುವ ಹೊತ್ತು ನೋಡಿ, ಪಟ್ಟಲಮ್ಮ ಒಳಗೆ ಅಕ್ಕಿ ಆರಿಸುವ ಹೊತ್ತು ನೋಡಿ ಬೀಗ ಬೀಳುತ್ತಿತ್ತು.

ಹೀಗಿರುವಾಗ ಒಂದು ದಿನ ಆಂಡಾಳಮ್ಮನ ತಿಂಗಳ ಮಾತ್ರೆ ತರಲು ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗಬೇಕಾಯಿತು. ಹನ್ನೊಂದಕ್ಕೆ ಹೊರಟರೆ ಒಂದೂವರೆಯೊಳಗೆ ಬರಬಹುದು ಎಂದು ಲೆಕ್ಕ ಹಾಕಿ, ಬೀಗ ಹಾಕಿ, ಕೀಲಿಯನ್ನು ರವಿಕೆಯೊಳಗೆ ಸೇರಿಸಿಕೊಂಡು ಬಸ್ಸು ಹತ್ತಿದಳು. ಮಾತ್ರೆ ಬೇಗನೆ ಸಿಕ್ಕಿತು. ಆದರೆ ವಾಪಸು ಬರುವಾಗ ಗೆಜ್ಜಲಗೆರೆಯ ಹತ್ತಿರ ಬಸ್ಸು ನಿಂತುಬಿಟ್ಟಿತು. ಕಾವೇರಿ ನೀರು ಬಿಟ್ಟಿದ್ದಕ್ಕೆ ರೈತರು ಹೆದ್ದಾರಿಗೆ ಅಡ್ಡ ಕೂತಿದ್ದರು. ಮುಂದೆ ಕಣ್ಣು ಹಾಯುವಷ್ಟು ದೂರಕ್ಕೂ ಬಸ್ಸು ಲಾರಿಗಳ ಸಾಲು.

ಒಂದೂವರೆಗೆ ಮೊಬೈಲು ಹೊಡೆದುಕೊಂಡಿತು. ಮನೆಯ ಫೋನಿನಿಂದ ಆಂಡಾಳಮ್ಮ.

"ಮಂಚಮ್ಮ, ಬಾಗಿಲು ತೆಗೆಯಕ್ಕೇ ಆಗ್ತಿಲ್ಲವಲ್ಲ. ಮಹಡಿ ಮೇಲೆ ಸಂಡಿಗೆ ಒಣಹಾಕಿದೀನಿ, ತಿರುವಿ ಹಾಕಬೇಕಿತ್ತು."

"ಬಾಗ್ಲು ಸೆಟ್ಕಂಡಿರ್ಬೇಕು ಅಮ್ಮೋರೆ. ನಾ ಬಂದ್ ತೆಗೀತೀನಿ, ಇರಿ."

ಸುಳ್ಳು ಅಷ್ಟು ಸಲೀಸಾಗಿ ಬಂದಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನು.

"ಪಟ್ಟಲಮ್ಮ ಕಿಟಕಿಗೆ ಮುಖ ಒತ್ತಿ ನೋಡಿದರು. ಹೊರಗೆ ಬೀಗ ಇದೆಯಂತೆ." ಆಂಡಾಳಮ್ಮ ಕೇಳಿದರು. "ನೀವು ಹಾಕಿದ್ರಾ?"

ಬಸ್ಸಿನಲ್ಲಿ ಅಕ್ಕಪಕ್ಕದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. "ಕೇಳ್ತಾ ಇಲ್ಲ ಅಮ್ಮೋರೆ, ಸಿಗ್ನಲ್ ಇಲ್ಲ" ಅಂದು ಮಂಚಮ್ಮ ಫೋನು ಇಟ್ಟಳು.

ಯಾರಿಗಾದರೂ ಹೇಳಿ ಬೀಗ ಒಡೆಸಬಹುದಿತ್ತು. ಒಡೆಸಿದರೆ ಬೀಗ ಹಾಕಿದ್ದು ಎಲ್ಲರಿಗೂ ತಿಳಿಯುತ್ತಿತ್ತು. ಸಿಂಧುಗೆ ತಿಳಿದರೆ ಕೆಲಸ ಹೋಗುತ್ತಿತ್ತು. ಇನ್ನೇನು ದಾರಿ ಬಿಡುತ್ತಾರೆ, ಇನ್ನೇನು ಬಿಡುತ್ತಾರೆ ಎಂದು ಅವಳು ಮುಕ್ಕಾಲು ಗಂಟೆ ಕೂತೇ ಇದ್ದಳು. ಮೂರನೆಯ ಸಲ ಫೋನು ಬಂದಾಗ ಆಂಡಾಳಮ್ಮನ ದನಿ ಬೇರೆಯಾಗಿತ್ತು.

"ಅವರು ಗೋಡೆಗೆ ಒರಗಿ ಕೂತುಬಿಟ್ಟಿದ್ದಾರೆ. ಕರೆದರೆ ಮಾತಿಲ್ಲ. ಬಟ್ಟೆಯೆಲ್ಲ ಗಂಟು ಕಟ್ಟಿ ಪಕ್ಕದಲ್ಲಿಟ್ಟು, ಖಾಲಿ ತಟ್ಟೆ ಮುಂದೆ ಇಟ್ಕೊಂಡಿದ್ದಾರೆ. ಅಲ್ಲಿ ಹೀಗೇ ಕೂರ್ತಿದ್ವಿ ಮಂಚಮ್ಮ, ಎಣಿಸೋರು ಬರೋ ತನಕ."

ಮಂಚಮ್ಮ ಅಂಕಯ್ಯನಿಗೆ ಫೋನು ಮಾಡಿದಳು. "ಅಣ್ಣ, ನಮ್ಮನೆ ಬೀಗ ಒಡ್ದಾಕ್ಬುಡಿ."

"ಬೀಗ ಆಕಿದ್ದೀಯಾ? ಒಳ್ಳೇ ಕೆಲ್ಸ ಮಾಡ್ದೆ ಕಣವ್ವ. ನಾನೇ ಯೇಳ್ಬೇಕು ಅಂತಿದ್ದೆ."

"ಒಡೀರಿ ಅಣ್ಣ, ಕೈ ಮುಗೀತೀನಿ."

"ಒಳ್ಳೇ ಬೀಗ ಯಾಕೊಡ್ದಾಕನ? ಬತ್ತೀಯಲ್ಲ, ನಿಧಾನಕ್ ಬಾ."

ತಾನು ಮಾಡಿದ್ದನ್ನು ಒಬ್ಬರು ಮೆಚ್ಚಿಕೊಂಡಿದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಬಸ್ಸಿನಿಂದ ಇಳಿದು ನಡೆಯತೊಡಗಿದಳು. ನೆತ್ತಿಯ ಮೇಲೆ ಬಿಸಿಲು, ಕಾಲಿಗೆ ಹವಾಯಿ ಚಪ್ಪಲಿ. ಲಾರಿಗಳ ಸಂದಿಯಲ್ಲಿ ನುಗ್ಗಿ, ಕೂತಿದ್ದ ರೈತರ ನಡುವೆ ದಾಟಿ ಹೋದಳು. ಕೊನೆಯ ಎರಡು ಮೈಲಿಗೆ ಯಾರೋ ಪುಣ್ಯಾತ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡ. ಮನೆ ಮುಟ್ಟಿದಾಗ ನಾಲ್ಕು ಗಂಟೆ.

ಬೀಗ ತೆಗೆದಳು. ಒಳಗೆ ಆಂಡಾಳಮ್ಮ ಕುರ್ಚಿಯಲ್ಲಿ ಕೂತಿದ್ದರು. ಪಟ್ಟಲಮ್ಮ ಗೋಡೆಯ ಬುಡದಲ್ಲಿದ್ದಳು. ಸೀರೆ ಒದ್ದೆಯಾಗಿತ್ತು. ಬಚ್ಚಲು ಹತ್ತು ಹೆಜ್ಜೆಯಲ್ಲೇ ಇದ್ದರೂ ಎದ್ದು ಹೋಗಿರಲಿಲ್ಲ. ಬಾಗಿಲ ಸದ್ದಿಗೆ ದಡಬಡಿಸಿ ಎದ್ದು, ಕೈ ಎರಡನ್ನೂ ಮೈಗೆ ಒತ್ತಿ ನೆಟ್ಟಗೆ ನಿಂತಳು.

"ಪಟ್ಟಲಮ್ಮ. ನಲವತ್ತೊಂದು."

"ಏನಕ್ಕ?"

"ಅವರ ಹಾಸಿಗೆ ನಂಬರು" ಎಂದರು ಆಂಡಾಳಮ್ಮ.

ಮಂಚಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಪಟ್ಟಲಮ್ಮ ಅವಳನ್ನು ನೋಡುತ್ತಿದ್ದಳೇ ಹೊರತು ಗುರುತಿಸಿದಂತೆ ಕಾಣಲಿಲ್ಲ. ಬಚ್ಚಲಿಗೆ ಕರೆದೊಯ್ದು, ಸೀರೆ ಬದಲಿಸಿ, ಅನ್ನ ಕಲಸಿ ಕೊಟ್ಟರೆ ಎರಡು ತುತ್ತು ನುಂಗಿ ಕೈ ತೊಳೆದಳು.

ಅವತ್ತು ಸಂಜೆಯೇ ಮಂಚಮ್ಮ ಸಿಂಧುಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು, ಹಾಲಿಗೆ ಹೋಗುವಾಗ ಹಾಕುತ್ತಿದ್ದ ಬೀಗಗಳನ್ನೂ ಸೇರಿಸಿ. ಸಿಂಧು ಬೆಳಗ್ಗೆ ಬಂದಳು. ಬೈಯಲಿಲ್ಲ. ಆದರೆ ಮುಖ ಗಂಟಿಕ್ಕಿಕೊಂಡೇ ಇದ್ದಳು.

"ನೀವಾಗೇ ಹೇಳಿದ್ರಿ, ಅದು ಸರಿ. ಆದರೆ ಇದನ್ನ ನಾನು ಕ್ಷಮಿಸೋಕೆ ಬರಲ್ಲ ಮಂಚಮ್ಮ ಅವರೇ. ನೀವು ಇರಬೇಕೋ ಬೇಡವೋ ಅಂತ ಹೇಳಬೇಕಾದವರು ಅವರಿಬ್ಬರು. ಕೇಳಿ."

ಮಂಚಮ್ಮ ಇಬ್ಬರ ಮುಂದೆಯೂ ನಿಂತು ಕೇಳಿದಳು.

ಆಂಡಾಳಮ್ಮ ಸೆರಗಿನ ಅಂಚು ನೀವಿಕೊಳ್ಳುತ್ತ ಹೇಳಿದರು. "ನನಗೆ ನಿಮ್ಮ ಮೇಲೆ ಕೋಪ ಇದೆ. ಸಿಗ್ನಲ್ ಇಲ್ಲ ಅಂದ್ರಲ್ಲ, ಅದಕ್ಕೆ ಜಾಸ್ತಿ ಕೋಪ. ಆದರೂ ನನ್ನನ್ನ ಇಷ್ಟು ವರ್ಷದಲ್ಲಿ ಯಾರೂ ಬಂದು ಹೀಗೆ ಕೇಳಿರಲಿಲ್ಲ. ಇರಿ."

ಪಟ್ಟಲಮ್ಮ ಏನೂ ಹೇಳಲಿಲ್ಲ. ಅವಳು ಹೇಳುವ ತನಕ ಮಂಚಮ್ಮ ಇರಲಿ, ಬೇಡ ಅಂದರೆ ಆ ದಿನವೇ ಹೊರಡಲಿ ಎಂದು ಸಿಂಧು ತೀರ್ಮಾನಿಸಿದಳು. ಬಡಗಿಯನ್ನು ಕರೆಸಿ ಹೊರ ಚಿಲಕ ಕೀಳಿಸಿ, ಬಾಗಿಲಿಗೇ ಕೂರುವ ಬೀಗ ಹಾಕಿಸಿ, ಒಂದೊಂದು ಕೀಲಿಯನ್ನು ಮೂವರಿಗೂ ಕೊಟ್ಟಳು.

ಹನ್ನೊಂದು ದಿನ ಪಟ್ಟಲಮ್ಮ ಮಂಚಮ್ಮನೊಡನೆ ಮಾತಾಡಲಿಲ್ಲ. ಮಾತ್ರೆ ಕೊಟ್ಟರೆ ನುಂಗುವಳು, ತಟ್ಟೆ ಇಟ್ಟರೆ ಉಣ್ಣುವಳು. ಸ್ವಿಚ್ಚು ಮುಟ್ಟುವುದನ್ನು ಮತ್ತೆ ಬಿಟ್ಟಿದ್ದಳು. ಮಂಚಮ್ಮ ದಿನವೂ "ಏನ್ ಸಾರ್ ಮಾಡಾನಕ್ಕ?" ಎಂದು ಕೇಳಿ, ಉತ್ತರ ಬರದೆ, ತನಗೆ ತೋಚಿದ್ದನ್ನು ಮಾಡುತ್ತಿದ್ದಳು.

ಹನ್ನೆರಡನೆಯ ದಿನ ಬೆಳಗ್ಗೆ ಏಳಕ್ಕೆ ಎದ್ದು ನೋಡಿದರೆ ಪಟ್ಟಲಮ್ಮನ ಹಾಸಿಗೆ ಮಡಿಸಿತ್ತು. ಬಚ್ಚಲಲ್ಲಿ ಇಲ್ಲ, ಮಹಡಿಯ ಮೇಲಿಲ್ಲ, ರಸ್ತೆಯ ತಿರುವಿನಲ್ಲೂ ಇಲ್ಲ. ಬಾಗಿಲು ಬರಿದೇ ಮುಂದಕ್ಕೆ ಎಳೆದುಕೊಂಡಿತ್ತು.

ಮಂಚಮ್ಮ ಮೊದಲು ಓಡಿದ್ದು ರೈಲು ಕಂಬಿಯ ಹತ್ತಿರ. ಅಲ್ಲಿ ದನ ಅಟ್ಟಿಕೊಂಡು ಹೋಗುತ್ತಿದ್ದವರನ್ನು ಕೇಳಿದಳು. ಸೇತುವೆಯ ಮೇಲೆ ನಿಂತು ಶಿಂಷೆಯ ಎರಡೂ ದಡ ನೋಡಿದಳು. ನೀರು ಮೊಣಕಾಲುದ್ದವೂ ಇರಲಿಲ್ಲ, ಆದರೂ ನೋಡಿದಳು. ಮನೆಗೆ ಬಂದಾಗ ಅಂಕಯ್ಯ ಜಗಲಿಯ ಮೇಲಿದ್ದ.

"ನಾ ಯೇಳ್ನಿಲ್ವಾ? ಚಿಲ್ಕ ಕೀಳ್ಸುದ್ರಲ್ಲ, ಈಗ ಉಡುಕ್ಕಳಿ."

ಒಳಗಿನಿಂದ ಆಂಡಾಳಮ್ಮ ಕೂಗಿದರು. "ಮಂಚಮ್ಮ, ಗೂಡಿನಲ್ಲಿ ಪಟ್ಟಲಮ್ಮನ ಆಧಾರ್ ಕಾರ್ಡು ಇಲ್ಲ!"

ಸಿಂಧುಗೆ ಫೋನು ಮಾಡಿದಾಗ ಅವಳ ದನಿಯಲ್ಲೂ ಗಾಬರಿಯಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. "ಕಾರ್ಡು ತಗೊಂಡಿದ್ದಾರೆ ಅಂದ್ರೆ ಎಲ್ಲಿಗೋ ಹೋಗಬೇಕು ಅಂತ ಯೋಚನೆ ಮಾಡಿಯೇ ಹೋಗಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿ. ಪೊಲೀಸಿಗೆ ನಾನು ತಿಳಿಸ್ತೀನಿ."

ಮದ್ದೂರು ಬಸ್ ನಿಲ್ದಾಣದಲ್ಲಿ ಹೂವು ಮಾರುವವಳೊಬ್ಬಳಿಗೆ ನೆನಪಿತ್ತು. ನೀಲಿ ಸೀರೆಯ ಹೆಂಗಸು, ಕೈಯಲ್ಲಿ ಚೀಲವಿಲ್ಲ, ಕಾರ್ಡೊಂದನ್ನು ಎದೆಗೆ ಹಿಡಿದುಕೊಂಡು ಕೊಳ್ಳೇಗಾಲದ ಬಸ್ಸು ಯಾವುದೆಂದು ಕೇಳಿದಳಂತೆ. ಆರೂ ಮುಕ್ಕಾಲಿಗೆ ಹತ್ತಿ ಹೋದಳಂತೆ. ಕೊಳ್ಳೇಗಾಲದ ಬಸ್ಸೆಂದರೆ ಮಳವಳ್ಳಿಯ ಮೇಲೆ, ಶಿವನಸಮುದ್ರದ ದಾರಿ. ಮಂಚಮ್ಮ ಅಲ್ಲಿಂದಲೇ ನಿಂಗಯ್ಯನಿಗೆ ಫೋನು ಮಾಡಿದಳು. ಮನೆಯ ಪುಸ್ತಕದಲ್ಲಿದ್ದ ನಂಬರನ್ನು ಆಂಡಾಳಮ್ಮನಿಂದ ಫೋನಿನಲ್ಲೇ ಓದಿಸಿಕೊಂಡಿದ್ದಳು; ಅದಕ್ಕೆ ಯಾರೂ ಯಾವತ್ತೂ ಮಾಡಿರಲಿಲ್ಲ.

"ಇಲ್ಲಿಗ್ಯಾಕ್ ಬತ್ತಾಳೆ? ಬಂದಿಲ್ಲ" ಅಂದು ಅವನು ಫೋನಿಟ್ಟ.

ಅವಳು ಮುಂದಿನ ಬಸ್ಸು ಹತ್ತಿದಳು. ಮದ್ದೂರು ದಾಟಿ ಕಬ್ಬಿನ ಗದ್ದೆಗಳು ಶುರುವಾಗುವ ಹೊತ್ತಿಗೆ ಅವನೇ ಮಾಡಿದ.

"ಬಂದವ್ಳೆ. ಜಗಲಿ ಮ್ಯಾಲೆ ಕುಂತವ್ಳೆ. ನಮ್ಮೋಳು ಎದ್ರಕಂಡು ನಡುಗ್ತಾ ಅವ್ಳೆ. ಯಾವ್ ಸೀಮೆ ಜನ ನೀವು, ಉಚ್ಚಿಡ್ದೋಳ್ನ ಇಂಗೆ ಬುಟ್ಬುಡದಾ? ನೀನ್ ಬರೋಗಂಟ ಪಂಪ್‌ಸೆಟ್ ರೂಮ್ನಲ್ಲಿ ಕೂಡಾಕಿರ್ತೀನಿ. ಬಿರ್ನೆ ಬಾ."

ಮಂಚಮ್ಮನ ನಾಲಗೆಯ ತುದಿಗೆ "ಅಂಗೇ ಮಾಡಿ" ಎಂಬ ಮಾತು ಬಂದಿತ್ತು. ಅಲ್ಲಿ ಕಾವೇರಿ ಶಿಂಷೆಯಂತಲ್ಲ. ಬಂಡೆಗಳ ಮೇಲಿಂದ ಧುಮುಕುವ ನೀರು, ಎಷ್ಟೋ ಜನ ಕಾಲು ಜಾರಿ ಹೋಗಿರುವ ಜಾಗ. ಬಾಗಿಲು ಹಾಕಿಟ್ಟರೆ ಒಂದೂವರೆ ಗಂಟೆಯಲ್ಲಿ ತಾನು ಹೋಗಿ ಜೀವಂತವಾಗಿ ಕರೆದುಕೊಂಡು ಬರಬಹುದು. ಯಾರೂ ತನ್ನನ್ನು ಏನೂ ಅನ್ನುವುದಿಲ್ಲ. ಅಷ್ಟೆಲ್ಲ ಹೊಳೆದರೂ, ಒದ್ದೆ ಸೀರೆಯಲ್ಲಿ ನೆಟ್ಟಗೆ ನಿಂತು ನಂಬರು ಹೇಳಿದ ಆ ಹೆಂಗಸು ಕಣ್ಣ ಮುಂದಿನಿಂದ ಹೋಗಲಿಲ್ಲ.

"ಬ್ಯಾಡ. ಕೂಡಾಕ್ಬ್ಯಾಡಿ."

"ಎದ್ದೊಂಟೋದ್ರೆ?"

"ಓಗ್ಲಿ."

"ಒಳೆ ಇಲ್ಲೇ ಅದೆ ಕಣಮ್ಮ!"

"ಒಳೆ ಎಲ್ಲದೆ ಅಂತ ಅವ್ರಿಗೂ ಗೊತ್ತು, ಅಲ್ಲೇ ಉಟ್ಟಿ ಬೆಳ್ದೋರು. ಕುಂತಿದ್ರೆ ಕುಂತಿರ್ಲಿ, ಒಂಟ್ರೆ ದಾರಿ ಬುಡಿ. ನೀವೇನಾದ್ರೂ ಅವ್ರ್ನ ಕೂಡಾಕುದ್ರೆ ನಾನೇ ಪೊಲೀಸ್ ಕರ್ಕೊಂಡ್ ಬತ್ತೀನಿ ನಿಂಗಯ್ನೋರೆ, ದೇವ್ರಾಣೆಗೂ."

ಆ ಕಡೆಯಿಂದ ಫೋನು ಕಟ್ಟಾಯಿತು. ಮಂಚಮ್ಮ ಮತ್ತೆ ಮಾಡಿದಳು, ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮಾಡಿದಳು, ಆಗಲೂ ಎತ್ತಲಿಲ್ಲ. ಕೂಡಿಹಾಕಿರಬಹುದೇ, ಇಲ್ಲ ಎದ್ದು ಹೋಗಿರಬಹುದೇ, ಹೋಗಿದ್ದರೆ ಯಾವ ಕಡೆಗೆ? ಆ ಹೆಂಗಸಿಗೆ ಏನಾದರೂ ಆದರೆ "ಓಗ್ಲಿ" ಅಂದವಳು ತಾನು. ಮುತ್ತತ್ತಿಯ ಹನುಮಂತರಾಯನಿಗೆ ಹರಕೆ ಹೊತ್ತಳು. ಪಕ್ಕದಲ್ಲಿದ್ದ ಹೆಂಗಸು "ಯಾಕವ್ವ, ಮೈ ಉಸಾರಿಲ್ವಾ?" ಎಂದು ನೀರಿನ ಬಾಟಲಿ ಕೊಟ್ಟಳು.

ಮಳವಳ್ಳಿ ನಿಲ್ದಾಣದಲ್ಲಿ ಜನ ಇಳಿದು ಹತ್ತುತ್ತಿದ್ದರು. ಮಂಚಮ್ಮ ಕಿಟಕಿಯಿಂದ ಸುಮ್ಮನೆ ಆಚೆ ನೋಡಿದಳು. ಎದುರಿನ ಕಲ್ಲು ಬೆಂಚಿನ ಮೇಲೆ, ಕಡಲೆಕಾಯಿ ಮಾರುವವನ ಪಕ್ಕದಲ್ಲಿ, ನೀಲಿ ಸೀರೆ.

"ಓಲ್ಡಾನ್, ಓಲ್ಡಾನ್!" ಎಂದು ಕಿರುಚುತ್ತ ಅವಳು ಜನರನ್ನು ನೂಕಿಕೊಂಡು ಇಳಿದಳು. ಹತ್ತಿರ ಹೋದ ಮೇಲೆ ಏನು ಮಾಡಬೇಕೋ ತೋಚಲಿಲ್ಲ. ಅಪ್ಪಿಕೊಳ್ಳಬೇಕು ಅನ್ನಿಸಿತು, ರೇಗಬೇಕು ಅನ್ನಿಸಿತು. ಎರಡೂ ಮಾಡದೆ ಪಕ್ಕದಲ್ಲಿ ಕೂತಳು.

ಪಟ್ಟಲಮ್ಮ ತಿರುಗಿ ನೋಡಿದಳು. ಹನ್ನೆರಡು ದಿನದ ಮೇಲೆ ಅವಳ ಬಾಯಿಂದ ಮೊದಲ ಮಾತು ಬಂತು.

"ನೀನ್ಯಾಕ್ ಬಂದೆ?"

"ಎದ್ರಿಕೆ ಆಯ್ತು ಕಣಕ್ಕ."

"ಮದ್ದೂರ್ ಬಸ್ಸು ಇಲ್ಲೇ ನಿಲ್ತದಂತೆ. ಈಗ್ತಾನೆ ಇಳ್ದೆ, ಇನ್ನೂ ಒಂದೂ ಬರ್ನಿಲ್ಲ."

ಬಸ್ಸು ಬರುವ ತನಕ ಅವಳೇ ಹೇಳಿದಳು, ಬಿಟ್ಟು ಬಿಟ್ಟು. ಊರಿನ ದಾರಿ ಮರೆತಿರಲಿಲ್ಲ, ಮನೆ ಮಾತ್ರ ಬೇರೆ ಆಗಿತ್ತು, ಹೆಂಚು ಹೋಗಿ ತಾರಸಿ ಬಂದಿತ್ತು. ಬಾಗಿಲಿಗೆ ಬಂದ ಹುಡುಗಿ, ನಿಂಗಯ್ಯನ ಸೊಸೆ ಇರಬೇಕು, "ಯಾರವ್ವ ನೀವು?" ಎಂದು ಕೇಳಿದಳು. ಹೆಸರು ಹೇಳಿದರೆ ಅವಳಿಗೆ ಗೊತ್ತಾಗಲಿಲ್ಲ. ನೀರು ಕೊಟ್ಟಳು. ಆಮೇಲೆ ಒಳಗೆ ಗುಸುಗುಸು ಶುರುವಾಯಿತು, ಯಾರೂ ಹೊರಗೆ ಬರಲಿಲ್ಲ. ನಿಂಗಯ್ಯ ಹೊಲದಿಂದ ಬಂದವನು ಅಂಗಳದಲ್ಲೇ ನಿಂತು ಫೋನಿನಲ್ಲಿ ಜಗಳ ಆಡಿದ. ಹತ್ತಿರ ಬರಲಿಲ್ಲ. ಅವನು ಫೋನಿಟ್ಟದ್ದೇ ಇವಳು ಎದ್ದು ಹೊರಟಳು, ಯಾರೂ ತಡೆಯಲಿಲ್ಲ.

"ಜಗಲೀಲಿ ಕುಂತ್ರೆ ನಡುಮನೆ ಕಾಣ್ತಿತ್ತು. ಗ್ವಾಡೆ ಮ್ಯಾಲೆ ಅವ್ವನ ಪೋಟ ಆಕವ್ರೆ." ಪಟ್ಟಲಮ್ಮ ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಪೋಟಕ್ಕೆ ಆರ ಆಕವ್ರೆ."

ಮಂಚಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ನಿಂಗೆ ಯಾರೂ ಯೇಳಿರ್ನಿಲ್ವಾ ಅಕ್ಕ?"

"ಊಂಹೂಂ."

"ಯಾವಾಗಂತೆ?"

"ಕೇಳ್ನಿಲ್ಲ. ಯಾರ್ನ ಕೇಳನ?" ಪಟ್ಟಲಮ್ಮ ಮತ್ತೆ ಅಂದಳು. "ಬಾಗ್ಲು ಸೆಟ್ಕಂಡದೆ ಅಂತ ಸುಳ್ಳೇಳುದ್ಯಲ್ಲ ಅವತ್ತು, ಆಗ ಅನ್ನುಸ್ತು. ಆ ಮನೆನೂವೆ ಆಸ್ಪತ್ರೆನೇ, ಅವ್ವನ್ ತಾವ ಒಂಟೋಗಾನ ಅಂತ. ಕಾರ್ಡದೆ, ಕಾಸು ಬ್ಯಾಡ."

"ತಪ್ಪಾಯ್ತು ಕಣಕ್ಕ."

ಪಟ್ಟಲಮ್ಮನಿಂದ ಸಮಾಧಾನದ ಮಾತು ಬರಲಿಲ್ಲ. ಮಂಚಮ್ಮ ಅದನ್ನು ಎದುರು ನೋಡಲೂ ಇಲ್ಲ. ಸಿಂಧುಗೆ ಫೋನು ಮಾಡಿ, ಸಿಕ್ಕರು ಎಂದು ತಿಳಿಸಿದಳು. ಮದ್ದೂರಿನ ಬಸ್ಸು ಬಂದಾಗ ಪಟ್ಟಲಮ್ಮನೇ ಮೊದಲು ಹತ್ತಿ, ಕಂಡಕ್ಟರನಿಗೆ ಕಾರ್ಡು ತೋರಿಸಿ, ಕಿಟಕಿ ಪಕ್ಕ ಕೂತಳು. ಪಕ್ಕದ ಜಾಗದ ಮೇಲೆ ಕೈಯಿಟ್ಟು ಹಿಡಿದಿದ್ದಳು, ಮಂಚಮ್ಮ ಬರುವ ತನಕ.

ಮನೆಯಲ್ಲಿ ಆಂಡಾಳಮ್ಮ ಬೆಳಗಿನಿಂದ ಏನೂ ತಿಂದಿರಲಿಲ್ಲ. ವಿಷಯ ಕೇಳಿದವರು ಅಯ್ಯೋ ಪಾಪ ಎಂದು ಕೂರದೆ, ಸೀದಾ ಹೋಗಿ ಬಚ್ಚಲ ಒಲೆಗೆ ತೆಂಗಿನ ಗರಿ ತುಂಬಿ ಉರಿ ಹಾಕಿದರು. "ಎಷ್ಟು ವರ್ಷ ಆಗಿದ್ದರೂ ಸರಿ, ಹೆತ್ತವರ ಸುದ್ದಿ ಕಿವಿಗೆ ಬಿದ್ದ ದಿನ ತಲೆಗೆ ನೀರು ಹಾಕ್ಕೋಬೇಕು. ಅಳೋದು ಆಮೇಲೆ ಅಳಬಹುದು. ಬನ್ನಿ."

ಬಿಸಿನೀರು ತಲೆಗೆ ಬಿದ್ದಾಗಲೇ ಪಟ್ಟಲಮ್ಮ ಅತ್ತದ್ದು. ಮಂಚಮ್ಮ ನೀರು ಹೊಯ್ಯುತ್ತಿದ್ದಳು. ಆಂಡಾಳಮ್ಮ ಬಚ್ಚಲ ಬಾಗಿಲಲ್ಲಿ ನಿಂತು, "ಹೊಯ್ಯಿರಿ, ನಿಲ್ಲಿಸಬೇಡಿ, ಹಂಡೆ ತುಂಬಾ ಇದೆ" ಎನ್ನುತ್ತಿದ್ದರು. ಅಳು ಜೋರಾಗಿ ಅಂಕಯ್ಯನ ಮನೆಗೂ ಕೇಳಿಸಿರಬೇಕು. ಅವನು ಕಾಂಪೌಂಡಿನ ಹತ್ತಿರ ಬಂದು ಏನಾಯಿತೆಂದು ವಿಚಾರಿಸಿದ. ಅವ್ವ ತೀರಿಹೋದ ಸುದ್ದಿ ಇವತ್ತು ಗೊತ್ತಾಯಿತಂತೆ ಎಂದು ಮಂಚಮ್ಮ ಹೇಳಿದಳು. ಅಂಕಯ್ಯ ತಿರುಗಿ ಒಳಗೆ ಹೋದ.

ಮುಂದಿನ ತಿಂಗಳು ಮಾರ್ನಮಿ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಎರಡು ದಿನ ಮುಂಚೆ ಪಟ್ಟಲಮ್ಮ ಅಡುಗೆಮನೆಗೆ ಬಂದು ನಿಂತಳು.

"ಅವ್ವಂಗೆ ಎಡೆ ಇಕ್ಬೇಕು. ಬಾಡಿಲ್ದೆ ಅವ್ಳು ಮುಟ್ಟಕಿಲ್ಲ."

ಮಂಚಮ್ಮ ಗಾಬರಿಯಿಂದ ಆಂಡಾಳಮ್ಮನ ಕಡೆ ನೋಡಿದಳು. ಆ ಒಲೆಯ ಮೇಲೆ ಅಲ್ಲಿಯವರೆಗೆ ಮೊಟ್ಟೆಯೂ ಬೆಂದಿರಲಿಲ್ಲ. ಆಂಡಾಳಮ್ಮ ಕಣ್ಣು ಮುಚ್ಚಿ ಏನನ್ನೋ ಗುನುಗಿ, "ನನ್ನ ಪಾತ್ರೆ ಮುಟ್ಟಬೇಡಿ. ಮಹಡಿ ಮೇಲೆ ಒಲೆ ಹೂಡಿ. ನಾನು ಅವತ್ತು ಕೆಳಗೆ ಪುಳಿಯೋಗರೆ ಮಾಡ್ಕೋತೀನಿ" ಎಂದರು.

ನಿಂಗಯ್ಯನಿಗೆ ಫೋನು ಮಾಡಿ ಕರೆಯಬೇಕೆಂದು ಪಟ್ಟಲಮ್ಮ ಹೇಳಿದಳು. ಕರೆದರು. ನೋಡೋಣ ಅಂದ. ಬರಲಿಲ್ಲ. ಅವ್ವನ ಫೋಟೋ ಅವರ ಹತ್ತಿರ ಇರಲಿಲ್ಲವಾದ್ದರಿಂದ ಗೋಡೆಗೆ ಒರಗಿಸಿದ ಒಂದು ಹೊಸ ಸೀರೆಯ ಮುಂದೆ ಎಲೆ ಹಾಕಿ, ಮುದ್ದೆ, ಬಾಡಿನ ಸಾರು, ವಡೆ ಬಡಿಸಿ, ಅವ್ವ ಬಂದು ಉಂಡು ಹೋಗಲೆಂದು ಮೂವರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಕೂತರು.

ಕಾಯುವಾಗ ಮಂಚಮ್ಮ ಕೇಳಿದಳು. "ಅಕ್ಕ, ನಾನ್ ಇರ್ಲಾ, ಓಗ್ಲಾ? ಇನ್ನೂ ಯೇಳ್ನಿಲ್ಲ ನೀನು."

ಪಟ್ಟಲಮ್ಮ ಬೀದಿಯ ಕಡೆ ನೋಡುತ್ತ ಯೋಚಿಸಿದಳು.

"ಉಪ್ಪು ಕಮ್ಮಿ ಆಕ್ತೀಯ ನೀನು. ಇರು, ಯೇಳ್ಕೊಡ್ತೀನಿ."